ಪಿಕಪ್‌ನ ಹಿಂದಿನ ಆಕ್ಸಲ್ ರಿಪೇರಿ: ಯಾವ ಟೂಲ್ ಕೊಳ್ಳಬೇಕು, ಯಾವುದನ್ನು ಹಂಚಿಕೊಳ್ಳಬೇಕು, ಯಾವ ಕೆಲಸ ಗ್ಯಾರೇಜಿಗೆ ಬಿಡಬೇಕು?

ತೋಟದ ಮಾಲು ಮಂಡಿಗೆ ಸಾಗಿಸೋಕೆ ಈಗ ಹಳ್ಳಿಹಳ್ಳಿಯಲ್ಲೂ ಪಿಕಪ್ ಇದೆ. ಎಂಜಿನ್ ಆಯಿಲ್, ಏರ್ ಫಿಲ್ಟರ್ ಕಡೆ ಎಲ್ಲರ ಗಮನ ಇರುತ್ತೆ. ಆದ್ರೆ ಕ್ರೇಟುಗಳ ಭಾರವನ್ನೆಲ್ಲ ಹೊರೋ ಹಿಂದಿನ ಆಕ್ಸಲ್ ನೆನಪಾಗೋದು ಚಕ್ರದ ಒಳಬದಿ ಆಯಿಲ್ ಇಳಿದಾಗ, ಇಲ್ಲವೇ ‘ಗುಂಯ್’ ಅನ್ನೋ ಸದ್ದು ಶುರುವಾದಾಗ.

ಆಯಿಲ್ ಸೀಲ್ ಅನ್ನೋದು ಸಣ್ಣ ರಬ್ಬರ್ ಬಳೆ. ಅದು ಸೋತರೆ ಗೇರ್ ಆಯಿಲ್ ಬ್ರೇಕ್ ಲೈನರ್ ಮೇಲೆ ಹರಿಯುತ್ತೆ. ಲೋಡ್ ಗಾಡಿ ಇಳಿಜಾರಲ್ಲಿದ್ದಾಗ ಒಂದು ಚಕ್ರ ಬ್ರೇಕ್ ಹಿಡಿದು ಇನ್ನೊಂದು ಹಿಡಿಯದಿದ್ದರೆ ಗಾಡಿ ಪಕ್ಕಕ್ಕೆ ಎಳೆಯುತ್ತೆ. ಬೇರಿಂಗ್ ಪೂರ್ತಿ ಹೋದರೆ ಚಕ್ರವೇ ಕಳಚಬಹುದು. ಹಾಗಾಗಿ ಇದು ಬರೀ ದುಡ್ಡಿನ ಲೆಕ್ಕ ಅಲ್ಲ, ಜೀವದ ಲೆಕ್ಕ.

ನಾನು ತೋಟಗಾರಿಕೆ ಓದಿದವನು. ಮಾವಿನ ಕಸಿ ಕಟ್ಟೋಕೆ ಯಾರೂ ಮಚ್ಚು ಹಿಡಿಯಲ್ಲ, ಕಸಿ ಚಾಕು ಹಿಡೀತೀವಿ. ಆಕ್ಸಲ್ ಕೆಲಸಕ್ಕೂ ಅದೇ ಮಾತು. ಇಲ್ಲಿ ಕೆಲಸ ಮೂರೇ: ನೇರವಾಗಿ ಎಳೆಯೋದು, ಸಮವಾಗಿ ಒತ್ತೋದು, ಅಳತೆಗೆ ಬಿಗಿ ಮಾಡೋದು. ಸುತ್ತಿಗೆ, ಉಳಿ ಈ ಮೂರನ್ನೂ ಸರಿಯಾಗಿ ಮಾಡಲ್ಲ. ಅದಕ್ಕೇ ವಿಶೇಷ ಟೂಲ್ ಬೇಕು.

ಟೂಲ್‌ಗೆ ಮೊದಲು ಕಾಯಿಲೆ ಗೊತ್ತಾಗಲಿ

ಸೋರಿದ್ದು ಏನು ಅಂತ ನೋಡಿ. ಗೇರ್ ಆಯಿಲ್ ಮಂದ, ಗಂಧಕದಂಥ ಕಟು ವಾಸನೆ ಇರುತ್ತೆ. ಬ್ರೇಕ್ ಆಯಿಲ್ ತೆಳು, ಬಣ್ಣವನ್ನೇ ತಿನ್ನುತ್ತೆ. ಬ್ರೇಕ್ ಆಯಿಲ್ ಆದ್ರೆ ತೊಂದರೆ ವೀಲ್ ಸಿಲಿಂಡರ್‌ದು, ಆಕ್ಸಲ್ ಸೀಲ್‌ದಲ್ಲ.

ಗೇರ್ ಆಯಿಲ್ ಆದ್ರೂ ಸೀಲ್ ಕೊಳ್ಳೋಕೆ ಓಡಬೇಡಿ. ಆಕ್ಸಲ್ ಹೌಸಿಂಗ್ ಮೇಲ್ಭಾಗದಲ್ಲಿ ಬ್ರೀದರ್ ಅಂತ ಒಂದು ಸಣ್ಣ ಉಸಿರುಗಂಡಿ ಇರುತ್ತೆ. ಗಾಡಿ ಓಡಿದಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಅಲ್ಲಿಂದ ಹೊರಹೋಗಬೇಕು. ನಮ್ಮ ಗಾಡಿಗಳು ಗದ್ದೆ ಬದಿಯ ಕೆಸರಲ್ಲೇ ಓಡಾಡೋದ್ರಿಂದ ಅದು ಮಣ್ಣು ಕಟ್ಟಿಕೊಳ್ಳುತ್ತೆ. ಆಗ ಒತ್ತಡ ಹೆಚ್ಚಿ ಆಯಿಲ್ ಸೀಲ್ ದಾಟಿ ಬರುತ್ತೆ. ಬ್ರೀದರ್ ಕ್ಲೀನ್ ಮಾಡದೆ ಹೊಸ ಸೀಲ್ ಹಾಕಿದ್ರೆ ಅದೂ ಸೋರುತ್ತೆ.

ಬೇರಿಂಗ್ ನೋಡೋಕೆ ಚಕ್ರ ಎತ್ತಿ, ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಾಡಿಸಿ. ಆಟ ಇದ್ದರೆ, ಕೈಯಲ್ಲಿ ತಿರುಗಿಸಿದಾಗ ಗರಗರ ಅಂದರೆ, ಬೇರಿಂಗ್ ಮೇಲೆ ಅನುಮಾನ. ಸದ್ದು ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಒಂದು ಥರ ಆದ್ರೆ ತೊಂದರೆ ಕ್ರೌನ್-ಪಿನಿಯನ್ ಕಡೆ ಇರಬಹುದು.

ನಿಮ್ಮ ಆಕ್ಸಲ್ ಯಾವ ಥರದ್ದು?

ಟೂಲ್ ಯಾವುದು ಅನ್ನೋದನ್ನ ಇದೇ ಹೇಳುತ್ತೆ. ಚಕ್ರದ ನಡುವೆ ಹಬ್ ಹೊರಗೆ ಚಾಚಿಕೊಂಡಿದ್ದು, ಅದರ ಮೇಲೆ ವೃತ್ತಾಕಾರವಾಗಿ ಸಣ್ಣ ಬೋಲ್ಟುಗಳಿದ್ದರೆ ಅದು ಫುಲ್ ಫ್ಲೋಟಿಂಗ್. ಇದರಲ್ಲಿ ಭಾರ ಹೊರೋದು ಹೌಸಿಂಗ್, ಶಾಫ್ಟ್ ಬರೀ ಚಕ್ರ ತಿರುಗಿಸುತ್ತೆ. ಬೋಲ್ಟ್ ಬಿಚ್ಚಿ ಶಾಫ್ಟ್ ಎಳೆದರೆ ಒಳಗೆ ದೊಡ್ಡ ಹಬ್ ನಟ್ ಸಿಗುತ್ತೆ. ಆ ಥರ ಬೋಲ್ಟುಗಳಿಲ್ಲದೆ ಚಕ್ರ ನೇರ ಶಾಫ್ಟಿನ ಫ್ಲ್ಯಾಂಜ್‌ಗೇ ಕೂತಿದ್ದರೆ ಅದು ಸೆಮಿ ಫ್ಲೋಟಿಂಗ್. ಇದರಲ್ಲಿ ಶಾಫ್ಟ್ ಭಾರವನ್ನೂ ಹೊರುತ್ತೆ. ಬೇರಿಂಗ್ ಸಾಮಾನ್ಯವಾಗಿ ಶಾಫ್ಟಿಗೇ ಒತ್ತಿ ಕೂರಿಸಿರುತ್ತೆ.

ಮೊದಲು ಕೊಳ್ಳಬೇಕಾದದ್ದು

*ಸ್ಟ್ಯಾಂಡ್ ಮತ್ತು ಚಕ್ರದ ಅಡ್ಡಗಟ್ಟೆ:* ಜಾಕಿ ಇರೋದು ಎತ್ತೋಕೆ, ಹೊತ್ತು ನಿಲ್ಲೋಕಲ್ಲ. ಒಂದು ಜೋಡಿ ಆಕ್ಸಲ್ ಸ್ಟ್ಯಾಂಡ್ ಬೇಕೇ ಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡ, ಒಡೆದಾಗ ಒಂದು ಕ್ಷಣವೂ ಸಮಯ ಕೊಡಲ್ಲ. ಇನ್ನೊಂದು ವಿಷಯ: ಹೆಚ್ಚಿನ ಪಿಕಪ್‌ಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನ ಚಕ್ರಗಳನ್ನ. ಅವನ್ನೇ ಎತ್ತಿದ ಮೇಲೆ ಅದು ಗಾಡಿಯನ್ನ ತಡೆಯಲ್ಲ. ಹಿಂದಿನ ಒಂದೇ ಚಕ್ರ ಎತ್ತಿದರೂ ಡಿಫರೆನ್ಷಿಯಲ್ ಇರೋದ್ರಿಂದ ಗೇರ್ ನಂಬೋ ಹಾಗಿಲ್ಲ. ಆದ್ದರಿಂದ ಗಟ್ಟಿ, ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳ ಎರಡೂ ಬದಿಗೆ ಅಡ್ಡಗಟ್ಟೆ ಕೊಡಿ.

*ಟಾರ್ಕ್ ರೆಂಚ್:* ಅರ್ಧ ಇಂಚಿನ ಡ್ರೈವ್, 40ರಿಂದ 200 ನ್ಯೂಟನ್ ಮೀಟರ್ ಆಸುಪಾಸಿನದ್ದು ಬಹುಪಾಲು ಕೆಲಸಕ್ಕೆ ಸಾಕು. ಕೊಳ್ಳೋ ಮುಂಚೆ ನಿಮ್ಮ ಗಾಡಿಯ ಮ್ಯಾನ್ಯುಯಲ್‌ನ ಅಂಕಿಗಳನ್ನ ನೋಡಿಕೊಳ್ಳಿ. ಹಳೇ ಮ್ಯಾನ್ಯುಯಲ್‌ನಲ್ಲಿ ಕೆಜಿ-ಮೀಟರ್ ಇದ್ದರೆ 9.8ರಿಂದ ಗುಣಿಸಿ. 10 ಕೆಜಿ-ಮೀಟರ್ ಅಂದ್ರೆ 98 ನ್ಯೂಟನ್ ಮೀಟರ್. ‘ಟಕ್’ ಅಂದ ತಕ್ಷಣ ನಿಲ್ಲಿಸಿ. ನಟ್ ಬಿಚ್ಚೋಕೆ ಇದನ್ನ ಬಳಸಬೇಡಿ, ಪೈಪ್ ಸಿಕ್ಕಿಸಬೇಡಿ. ಕೆಲಸ ಮುಗಿದ ಮೇಲೆ ಅತಿ ಕಡಿಮೆ ಅಂಕಿಗೆ ತಿರುಗಿಸಿಡಿ.

*ಸೀಲ್ ಕೀಳೋ ಕೊಕ್ಕೆ, ಕೂರಿಸೋ ಡ್ರೈವರ್:* ಡ್ರೈವರ್ ಇಲ್ಲದಿದ್ದರೆ ಸೀಲ್‌ನ ಹೊರ ಅಂಚಿನಷ್ಟೇ ಅಗಲದ, ಬಾಯಿ ಸಮವಾಗಿರೋ ಪೈಪ್ ತುಂಡು ಆಗುತ್ತೆ. ಸೀಲ್‌ನ ಸ್ಪ್ರಿಂಗ್ ಇರೋ ಬದಿ ಆಯಿಲ್ ಕಡೆಗೆ ಇರಲಿ, ತುಟಿಗೆ ಸ್ವಲ್ಪ ಗ್ರೀಸ್ ಹಚ್ಚಿ. ಶಾಫ್ಟ್ ಮೇಲೆ ಸೀಲ್ ಉಜ್ಜೋ ಜಾಗದಲ್ಲಿ ಉಗುರು ಆಡಿಸಿ. ಗೆರೆ ಉಗುರಿಗೆ ಸಿಕ್ಕಿದರೆ ಹೊಸ ಸೀಲ್ ಬಾಳಿಕೆ ಬರಲ್ಲ.

ನಾಲ್ಕೈದು ಜನ ಸೇರಿ ಕೊಳ್ಳಬಹುದಾದದ್ದು

ವರ್ಷಕ್ಕೆ ಒಂದೆರಡು ಸಲ ಬೇಕಾಗೋ ಟೂಲ್ ಒಬ್ಬೊಬ್ಬರೂ ಕೊಂಡರೆ ತುಕ್ಕು ಹಿಡಿಯುತ್ತೆ. ನಮ್ಮಲ್ಲಿ ಅಕ್ಕಪಕ್ಕದವರು ಸೇರಿ ಒಂದು ಪೆಟ್ಟಿಗೆ ಇಟ್ಟುಕೊಂಡಿದ್ದೀವಿ.

*ಸ್ಲೈಡ್ ಹ್ಯಾಮರ್:* ಸೆಮಿ ಫ್ಲೋಟಿಂಗ್ ಶಾಫ್ಟ್ ಎಳೆಯೋಕೆ. ಮೊದಲು ಬ್ರೇಕ್ ಪ್ಲೇಟ್ ಹಿಡಿದಿರೋ ನಟ್‌ಗಳನ್ನ ಬಿಚ್ಚಿರಬೇಕು. ಇದರ ಅಡಾಪ್ಟರನ್ನ ಚಕ್ರದ ಸ್ಟಡ್‌ಗಳಿಗೆ ನಟ್ ಹಾಕಿ ಕೂರಿಸಿ, ತೂಕವನ್ನ ಹಿಂದಕ್ಕೆ ಜಾರಿಸಿ ಹೊಡೆದರೆ ಶಾಫ್ಟ್ ನೇರ ಬರುತ್ತೆ. ಹಿಂದಿನಿಂದ ಸುತ್ತಿಗೆಯಲ್ಲಿ ಹೊಡೆದರೆ ಫ್ಲ್ಯಾಂಜ್ ಸೊಟ್ಟಗಾಗುತ್ತೆ. ಬೆರಳು ತೂಕದ ದಾರಿಯಲ್ಲಿ ಇರಬಾರದು.

*ಮೂರು ಕಾಲಿನ ಪುಲ್ಲರ್:* ಎರಡು ಕಾಲಿನದಕ್ಕಿಂತ ಇದು ಸಮವಾಗಿ ಎಳೆಯುತ್ತೆ. ಡ್ರಮ್ ಕಚ್ಚಿಕೊಂಡಿದ್ದರೆ ಮೊದಲು ಹ್ಯಾಂಡ್‌ಬ್ರೇಕ್ ಬಿಟ್ಟಿದ್ದೀರಾ ನೋಡಿ. ಎಷ್ಟೋ ಡ್ರಮ್‌ಗಳಲ್ಲಿ ಮರೆ ಇರೋ ಎರಡು ತೂತು ಇರುತ್ತೆ. ಹೊಂದೋ ಬೋಲ್ಟ್ ಎರಡನ್ನೂ ಸರದಿಯಲ್ಲಿ ಸ್ವಲ್ಪ ಸ್ವಲ್ಪ ತಿರುಗಿಸಿದರೆ ಡ್ರಮ್ ತಾನೇ ಬರುತ್ತೆ, ಪುಲ್ಲರ್ ಬೇಕಾಗಲ್ಲ.

*ಹಬ್ ನಟ್ ಬಾಕ್ಸ್:* ಫುಲ್ ಫ್ಲೋಟಿಂಗ್ ಆಕ್ಸಲ್‌ಗೆ. ಈ ನಟ್ಟನ್ನ ಉಳಿ ಇಟ್ಟು ಹೊಡೆಯೋದು ರೂಢಿ. ಹಾಗೆ ಹೊಡೆದಾಗ ಏಳೋ ಕಬ್ಬಿಣದ ಚೂರು ಬೇರಿಂಗ್ ಒಳಗೆ ಸೇರುತ್ತೆ, ಬಿಗಿತದ ಅಳತೆಯೂ ಸಿಗಲ್ಲ. ಅಳತೆಗೆ ತಕ್ಕ ಬಾಕ್ಸ್ ತನ್ನಿ. ಹಬ್ ತಿರುಗಿಸುತ್ತಾ ಬಿಗಿ ಮಾಡಿ, ಮ್ಯಾನ್ಯುಯಲ್ ಹೇಳಿದಷ್ಟು ಸಡಿಲಿಸಿ, ಲಾಕ್ ವಾಷರ್ ಹೊಸದು ಹಾಕಿ. ಕೆಲವು ಮ್ಯಾನ್ಯುಯಲ್‌ಗಳಲ್ಲಿ ಹಬ್ ತಿರುಗೋಕೆ ಎಷ್ಟು ಬಲ ಬೇಕು ಅಂತ ಕೊಟ್ಟಿರುತ್ತಾರೆ. ತರಕಾರಿ ತೂಗೋ ಕೊಕ್ಕೆ ತಕ್ಕಡಿಯನ್ನ ಚಕ್ರದ ಸ್ಟಡ್‌ಗೆ ಸಿಕ್ಕಿಸಿ ಎಳೆದು ಇದನ್ನ ಅಳೀಬಹುದು.

ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ, ಎಸ್.ಜೆ.ಪಿ. ರಸ್ತೆಯಲ್ಲಿ ಟೂಲ್‌ಗಳನ್ನ ಕೈಯಲ್ಲಿ ಹಿಡಿದು ನೋಡಿ ಕೊಳ್ಳಬಹುದು. ಹಳೇ ಸೀಲ್, ಬೇರಿಂಗ್ ಮೇಲಿನ ನಂಬರ್ ಫೋನಲ್ಲಿ ಫೋಟೋ ತೆಗೆದುಕೊಂಡು ಹೋಗಿ.

ಗ್ಯಾರೇಜಿಗೆ ಬಿಡಬೇಕಾದದ್ದು

ಶಾಫ್ಟಿಗೆ ಒತ್ತಿದ ಬೇರಿಂಗ್, ಅದರ ಕಾಲರ್ ಬಿಚ್ಚೋಕೆ ಹೈಡ್ರಾಲಿಕ್ ಪ್ರೆಸ್ ಬೇಕು. ಶಾಫ್ಟ್ ನೀವೇ ಬಿಚ್ಚಿ ತೆಗೆದುಕೊಂಡು ಹೋಗಿ, ಒತ್ತೋ ಕೆಲಸ ಮಾತ್ರ ಅಲ್ಲಿ ಮಾಡಿಸಿ. ಎರಡು ಮಾತು ಗಮನದಲ್ಲಿರಲಿ: ಗ್ಯಾಸ್ ಬೆಂಕಿ ಹಿಡಿಯೋಕೆ ಬಿಡಬೇಡಿ, ಶಾಫ್ಟ್‌ನ ಹದ ಹೋಗಿ ಮುಂದೊಂದು ದಿನ ಮುರಿಯಬಹುದು. ಶಾಫ್ಟಿಗೆ ಬೇರಿಂಗ್ ಹಾಕುವಾಗ ಒತ್ತಡ ಒಳಗಿನ ಬಳೆ ಮೇಲೆ, ಹೌಸಿಂಗ್‌ಗೆ ಹಾಕುವಾಗ ಹೊರಗಿನ ಬಳೆ ಮೇಲೆ ಬೀಳಬೇಕು. ತಪ್ಪಿದರೆ ಒತ್ತಡ ಗುಂಡುಗಳ ಮೂಲಕ ಹೋಗಿ ಗುಳಿ ಬೀಳುತ್ತೆ, ಹೊಸ ಬೇರಿಂಗ್ ಮೊದಲ ದಿನವೇ ಹಾಳು.

ಕ್ರೌನ್-ಪಿನಿಯನ್ ಅಂತೂ ಮುಟ್ಟಲೇಬೇಡಿ. ಅಲ್ಲಿ ಹಲ್ಲುಗಳ ನಡುವಿನ ಅಂತರವನ್ನ ಡಯಲ್ ಗೇಜ್ ಇಟ್ಟು ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಹೊಂದಿಸಬೇಕು. ಟ್ರ್ಯಾಕ್ಟರ್ ಹಿಂದಿನ ಆಕ್ಸಲ್‌ಗೂ ಈ ಪಾಠ ಹೊಂದಲ್ಲ. ಅದರ ಚಕ್ರದ ತೂಕವೇ ಬೇರೆ.

ಮುಗಿಸುವ ಮುನ್ನ

ಆಯಿಲ್ ಕುಡಿದ ಲೈನರ್ ಉಜ್ಜಿ ಹಾಕಬೇಡಿ, ಎರಡೂ ಚಕ್ರಕ್ಕೆ ಜೋಡಿಯಾಗಿ ಹೊಸದು ಹಾಕಿ. ಬ್ರೇಕ್ ಧೂಳನ್ನ ಗಾಳಿ ಬಿಟ್ಟು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಬಿಚ್ಚುವಾಗ ಹೋದಷ್ಟು ಗೇರ್ ಆಯಿಲ್ ಮತ್ತೆ ತುಂಬಿ. ಚಕ್ರದ ನಟ್‌ಗಳನ್ನ ಎದುರುಬದುರು ಕ್ರಮದಲ್ಲಿ ಬಿಗಿ ಮಾಡಿ, 50-100 ಕಿ.ಮೀ. ಓಡಿದ ಮೇಲೆ ಟಾರ್ಕ್ ರೆಂಚ್ ಹಾಕಿ ಮತ್ತೊಮ್ಮೆ ನೋಡಿ. ಹಳೇ ಆಯಿಲ್ಲನ್ನ ಬದುವಿಗೆ ಸುರಿಯಬೇಡಿ. ವರ್ಷಗಟ್ಟಲೆ ಗೊಬ್ಬರ ಹಾಕಿ ಕಟ್ಟಿದ ಮಣ್ಣನ್ನ ಕೈಯಾರೆ ಕೆಡಿಸಿದ ಹಾಗೆ. ಕ್ಯಾನಲ್ಲಿ ಹಿಡಿದು, ಹಳೇ ಆಯಿಲ್ ಕೊಳ್ಳೋ ಗ್ಯಾರೇಜಿಗೆ ಕೊಡಿ.

ಈ ವಾರ ಯಾವ ಟೂಲೂ ಇಲ್ಲದೆ ಎರಡು ಕೆಲಸ ಮಾಡಿ: ಬ್ರೀದರ್‌ನ ಮಣ್ಣು ತೆಗೆಯಿರಿ, ಹಿಂದಿನ ಎರಡೂ ಚಕ್ರಗಳ ಒಳಬದಿಗೆ ಟಾರ್ಚ್ ಬಿಟ್ಟು ನೋಡಿ. ಅಲ್ಲಿ ಒಣಗಿದ್ದರೆ ನೆಮ್ಮದಿ. ಒದ್ದೆ ಕಂಡರೆ ಲೋಡ್ ಹಾಕೋ ಮುಂಚೆ ಅದನ್ನ ಸರಿ ಮಾಡಿಸಿ.