ಟಿಇಟಿ ಟಿಪ್ಪಣಿ: ಭಾಷಾರ್ಜನೆಯ ಸಹಜತಾವಾದ

• ಪ್ರತಿಪಾದಕ: ನೋಮ್ ಚಾಮ್ಸ್ಕಿ. ಭಾಷೆ ಕಲಿಯುವ ಸಾಮರ್ಥ್ಯ ಜನ್ಮಜಾತ.

• ಲ್ಯಾಡ್ = ಭಾಷಾರ್ಜನಾ ಸಾಧನ. ಇದು ಕಲ್ಪಿತ ವ್ಯವಸ್ಥೆ. ಮೆದುಳಿನ ಭಾಗವೆಂಬ ಆಯ್ಕೆ ತಪ್ಪು.

• ಸಾರ್ವತ್ರಿಕ ವ್ಯಾಕರಣ: ಎಲ್ಲ ಭಾಷೆಗಳಿಗೂ ಸಮಾನವಾದ ಮೂಲತತ್ತ್ವಗಳು.

• ಇಸವಿಗಳು: 1957 ಸ್ಕಿನ್ನರ್ 'ವರ್ಬಲ್ ಬಿಹೇವಿಯರ್' (ವರ್ತನಾವಾದ), 1959 ಅದರ ಮೇಲೆ ಚಾಮ್ಸ್ಕಿ ವಿಮರ್ಶೆ, 1967 ಲೆನೆಬರ್ಗ್, ನಿರ್ಣಾಯಕ ಅವಧಿ.

• ಗೊಂದಲ ಬೇಡ: ಲ್ಯಾಡ್ ಚಾಮ್ಸ್ಕಿಯದು, ಲ್ಯಾಸ್ ಬ್ರೂನರ್‌ದು (ಭಾಷಾರ್ಜನಾ ನೆರವು ವ್ಯವಸ್ಥೆ, ಅಂದರೆ ವಯಸ್ಕರ ನೆರವು). ಪ್ರತಿಸಲ ಅಂಕ ಹೋಗುವುದು ಇಲ್ಲೇ.

• ಹುಟ್ಟಿನಿಂದ ಬರುವುದು ಸಾಮರ್ಥ್ಯ, ಕನ್ನಡವಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯ ಮಗು 'ಬತ್ತೀನಿ', 'ಓಯ್ತೀನಿ' ಅನ್ನುವುದು ಸುತ್ತಲಿನವರಿಂದ. ಅದೇ ಮಗು ಚೆನ್ನೈನಲ್ಲಿ ತಮಿಳರ ನಡುವೆ ಬೆಳೆದರೆ ತಮಿಳು ಆಡುತ್ತದೆ.

• ಕನ್ನಡದ ಸಾಕ್ಷ್ಯ (ಗೈಡುಗಳಲ್ಲಿ ಅಪರೂಪ): ಲಿಡ್ಜ್, ಹೆನ್ರಿ ಗ್ಲೀಟ್‌ಮನ್, ಲೀಲಾ ಗ್ಲೀಟ್‌ಮನ್, 2003. 'ಓಡು–ಓಡಿಸು'ವಿನ '-ಇಸು' ಪ್ರೇರಣಾರ್ಥಕ್ಕೆ ಖಚಿತ ಗುರುತು. ಆದರೂ 3 ವರ್ಷದ ಕನ್ನಡ ಮಕ್ಕಳು ಅರ್ಥ ಹಿಡಿದದ್ದು '-ಇಸು'ವಿನಿಂದಲ್ಲ, ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದರಿಂದ. ವಯಸ್ಕರು '-ಇಸು' ನೋಡಿದರು. ಕೇಳಿದ್ದನ್ನಷ್ಟೇ ಮಗು ಅನುಕರಿಸುತ್ತದೆ ಎಂಬ ವಾದಕ್ಕೆ ಇದು ಎದುರು ನಿಲ್ಲುತ್ತದೆ.

• ಟೀಕೆ: ಟೊಮಸೆಲ್ಲೊ, ಬಳಕೆ ಆಧಾರಿತ ಸಿದ್ಧಾಂತ, 2003.