ಊರ ಸೀಮೆಯ ಬನ್ನಿ: ಮಾಡಬೇಕಾದ್ದು, ಮಾಡಬಾರದ್ದು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಊರವರ ಗಮನಕ್ಕೆ

ಬನ್ನಿ ಮರುಭೂಮಿಯ ಮರ. ರಾಜಸ್ಥಾನದಲ್ಲಿ ಇದನ್ನೇ ಖೇಜ್ರಿ ಎನ್ನುತ್ತಾರೆ. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿಯಲ್ಲಿ ಅಮೃತಾದೇವಿ ಸೇರಿ 363 ಬಿಷ್ಣೋಯಿಗಳು ಈ ಮರಗಳಿಗಾಗಿ ಪ್ರಾಣ ಕೊಟ್ಟರು. ಬಹರೇನ್‌ನ ಮರಳಿನಲ್ಲಿ ಸುಮಾರು 400 ವರ್ಷದ ಬನ್ನಿಯೊಂದು ಒಂಟಿಯಾಗಿ ಬದುಕಿದೆ. ನಮ್ಮಲ್ಲಿ ದಸರೆಯ ಪಲ್ಲಕ್ಕಿ ಸೀಮೋಲ್ಲಂಘನಕ್ಕೆ ಹೋಗುವುದು ಬನ್ನಿಯ ಕಟ್ಟೆಗೇ. 1956ರಲ್ಲಿ ಈ ಭಾಗ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಊರಿನ ಸೀಮೆ ಮಾತ್ರ ಬನ್ನಿ ಇದ್ದಲ್ಲೇ ಉಳಿಯಿತು. ಹಳೆಯ ಬನ್ನಿಯನ್ನು ಕಳೆದುಕೊಂಡರೆ ಊರು ತನ್ನ ಸಾಕ್ಷಿಯನ್ನು ಕಳೆದುಕೊಂಡಂತೆ.

ಮಾಡಬೇಕಾದ್ದು

1. ಬನ್ನಿ ಮುಡಿಯಲು ಬೆರಳಿನಿಂದ ಒಂದೆರಡು ಎಸಳು ಮಾತ್ರ ಕೀಳಿರಿ. ಬಂಗಾರದಂಗ ಇರೋಣ ಎನ್ನಲು ಅಷ್ಟು ಸಾಕು.
2. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಕಾಂಡದ ಸುತ್ತಳತೆ ಅಳೆದು, ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ದಾಖಲೆಯಲ್ಲಿ ಬರೆಸಿರಿ.
3. ಹಿರಿಯರನ್ನು ಕೂಡ್ರಿಸಿ ಕೇಳಿರಿ. 1972ರ ಬರದಲ್ಲಿ ದನಕ್ಕೆ ಇದರ ಸೊಪ್ಪು ಹಾಕಿದ್ದರೆ ಅದನ್ನೂ ಬರೆಸಿರಿ.
4. ಕಬ್ಬಿನ ಗದ್ದೆಯ ನೀರು ಬುಡದಲ್ಲಿ ನಿಲ್ಲದಂತೆ ಬಸಿಗಾಲುವೆ ತೆಗೆಯಿರಿ. ಈ ಮರ ಬರ ತಾಳುತ್ತದೆ, ಜವಳು ತಾಳದು.
5. ಕಾಯಿ ಒಣಗಿದಾಗ ಬೀಜ ಕೂಡಿಸಿ, ಒಂದು ದಿನ ನೀರಲ್ಲಿ ನೆನೆಸಿ ಸಸಿ ಮಾಡಿರಿ. ಆಡು ತಿನ್ನದಂತೆ ಮುಳ್ಳಿನ ಬೇಲಿ ಹಾಕಿರಿ.

ಮಾಡಬಾರದ್ದು

1. ದಸರೆಗೆ ಕೊಡಲಿ, ಕುಡುಗೋಲು ತರಬೇಡಿರಿ. ಕೊಂಬೆ ಕಡಿದು ಮಾರಬೇಡಿರಿ, ಅಂಥದ್ದನ್ನು ಕೊಳ್ಳಲೂಬೇಡಿರಿ. ಮರುದಿನ ಗುಡಿಯ ಮುಂದೆ ತುಳಿತಕ್ಕೆ ಸಿಕ್ಕು ಒಣಗುವ ರಾಶಿ ಭಕ್ತಿಯಲ್ಲ.
2. ಕಟ್ಟೆಯ ಹೆಸರಿನಲ್ಲಿ ಕಾಂಡದವರೆಗೆ ಕಾಂಕ್ರೀಟ್ ಹಾಕಬೇಡಿರಿ. ಬೇರಿಗೆ ಗಾಳಿ, ಮಳೆನೀರು ಬೇಕು. ಸುತ್ತ ಬರಿ ಮಣ್ಣು ಬಿಡಿರಿ.
3. ಮರದ ಹತ್ತಿರ ರವದಿ ಸುಡಬೇಡಿರಿ. ಪೊಟರೆಯೊಳಗೆ ದೀಪ, ಕರ್ಪೂರ ಹಚ್ಚಬೇಡಿರಿ.
4. ಬ್ಯಾನರಿಗಾಗಿ ಮೊಳೆ ಹೊಡೆಯಬೇಡಿರಿ.
5. ಆಧಾರವಿಲ್ಲದೆ ‘ಸಾವಿರ ವರ್ಷದ ಮರ’ ಎಂದು ಫಲಕ ಹಾಕಬೇಡಿರಿ. ಸುಳ್ಳು ವಯಸ್ಸು ನಿಜವಾದ ಇತಿಹಾಸವನ್ನೂ ಕೆಡಿಸುತ್ತದೆ.
6. ಬನ್ನಿಯ ಬದಲು ಬಳ್ಳಾರಿ ಜಾಲಿ ನೆಡಬೇಡಿರಿ. ನೋಡಲು ಹತ್ತಿರದ್ದಾದರೂ ಅದು ಹೊರದೇಶದಿಂದ ಬಂದು ಹೊಲ ನುಂಗುವ ಗಿಡ.
7. ರಸ್ತೆ ಅಗಲಿಸಲು ಮರ ಅಡ್ಡವಾದರೂ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಕಡಿಯಬೇಡಿರಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇರುವುದು ಮರಗಳನ್ನು ಉಳಿಸಲೆಂದೇ.

ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪರಂಪರಾ ತಾಣವಾಯಿತು. ನಮ್ಮ ಬನ್ನಿಗೂ ಆ ಮಾನ ಸಿಗಬೇಕಾದರೆ ಮೊದಲು ಅದು ಬದುಕಿರಬೇಕು, ಆಮೇಲೆ ದಾಖಲೆಯಲ್ಲಿರಬೇಕು. ಈ ದಸರೆಗೆ ಮುನ್ನವೇ ಅಳತೆಯ ಟೇಪು ಹಿಡಿದು ಹೊರಡಿರಿ.