ಏಜೆಂಟ್ ತಪ್ಪು ಟೂಲನ್ನೇ ಏಕೆ ಕರೆಯುತ್ತದೆ?

ಪ್ರಶ್ನೆ: ಜಮೀನು, ಖಾತೆ, ಪಹಣಿ ಕುರಿತ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರಿಸುವ ಎಐ ಏಜೆಂಟ್ ಒಂದನ್ನು ನಮ್ಮ ಪುಟ್ಟ ತಂಡ ಸಿದ್ಧಪಡಿಸುತ್ತಿದೆ. ಹುಡುಕಲು ಎರಡು ಟೂಲ್ ಕೊಟ್ಟಿದ್ದೇನೆ. ಒಂದು ಸರ್ಕಾರಿ ಆದೇಶ, ಸುತ್ತೋಲೆಗಳಿಗೆ. ಇನ್ನೊಂದು ಜನ ಹಿಂದೆ ಕೇಳಿದ ಪ್ರಶ್ನೋತ್ತರಗಳಿಗೆ. ಮೊದಲನೆಯದರ ವಿವರಣೆ ‘ದಾಖಲೆಗಳಲ್ಲಿ ಹುಡುಕುತ್ತದೆ’, ಎರಡನೆಯದರದು ‘ಮಾಹಿತಿ ಹುಡುಕುತ್ತದೆ’. ಏಜೆಂಟ್ ಬಹಳ ಸಲ ತಪ್ಪಾದದ್ದನ್ನೇ ಕರೆಯುತ್ತದೆ, ಏನೂ ಸಿಗದಿದ್ದರೆ ‘ಅಂಥ ನಿಯಮವಿಲ್ಲ’ ಎಂದುಬಿಡುತ್ತದೆ. ಹಿರಿಯರು ದುಬಾರಿ ಮಾಡೆಲ್‌ಗೆ ಹೋಗೋಣ ಎನ್ನುತ್ತಾರೆ. ಸಹೋದ್ಯೋಗಿಯೊಬ್ಬರು ವಿವರಣೆಯೇ ಸರಿಯಿಲ್ಲ ಎಂದರು. ನನಗೆ ಕೋಡ್ ಬರುತ್ತದೆ, ಬರವಣಿಗೆ ಬರುವುದಿಲ್ಲ. ಏನು ಮಾಡಲಿ?
— ಓದುಗಿ, ಹುಬ್ಬಳ್ಳಿ

ಉತ್ತರ: ನಿಮ್ಮ ಸಹೋದ್ಯೋಗಿ ಹೇಳಿದ್ದು ಸರಿ. ನೀವು ಬರೆದ ಕೋಡ್ ಮಾಡೆಲ್‌ಗೆ ಕಾಣುವುದಿಲ್ಲ. ಟೂಲಿನ ಹೆಸರು, ವಿವರಣೆ, ಏನೇನು ತುಂಬಿ ಕೊಡಬೇಕೆಂಬ ಪಟ್ಟಿ, ಇಷ್ಟೇ ಅದರ ಕಣ್ಣಿಗೆ ಬೀಳುವುದು. ಆದೇಶವೂ ದಾಖಲೆಯೇ, ಹಳೆಯ ಪ್ರಶ್ನೋತ್ತರವೂ ದಾಖಲೆಯೇ. ಎರಡರಲ್ಲೂ ಇರುವುದು ಮಾಹಿತಿಯೇ. ನಿಮ್ಮ ಆ ಎರಡು ಸಾಲು ಓದಿ ಯಾವುದನ್ನು ಕರೆಯಬೇಕೆಂದು ನನಗೂ ತಿಳಿಯಲಿಲ್ಲ.

ನಿಮ್ಮ ಊರಿನ ರೈತರೊಬ್ಬರು ಹೀಗೆ ಕೇಳುತ್ತಾರೆ ಎಂದಿಟ್ಟುಕೊಳ್ಳಿ: ‘ನಮ್ಮಪ್ಪ ತೀರಿಕೊಂಡಾರ, ಹೊಲ ನನ್ನ ಹೆಸರಿಗೆ ಮಾಡಿಸೋದು ಹ್ಯಾಂಗ್ರಿ?’ ಕಚೇರಿಯ ಭಾಷೆಯಲ್ಲಿ ಇದು ಪೌತಿ ಖಾತೆ. ರೈತರ ಮಾತಿನಲ್ಲಿ ಪೌತಿಯೂ ಇಲ್ಲ, ಖಾತೆಯೂ ಇಲ್ಲ. ಆದೇಶಗಳ ಟೂಲ್ ಪದಕ್ಕೆ ಪದ ಹೋಲಿಸಿ ಹುಡುಕುವಂಥದ್ದಾದರೆ ಆ ವಾಕ್ಯವನ್ನು ಹಾಗೇ ಕೊಟ್ಟಾಗ ಬರಿಗೈಯಲ್ಲಿ ಮರಳುತ್ತದೆ. ಪ್ರಶ್ನೋತ್ತರಗಳ ಟೂಲ್ ಅರ್ಥ ಹೋಲಿಸಿ ಹುಡುಕುವಂಥದ್ದಾದರೆ ಅದೇ ವಾಕ್ಯ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಈ ವ್ಯತ್ಯಾಸ ನಿಮಗೆ ಗೊತ್ತು, ಏಜೆಂಟ್‌ಗೆ ಯಾರೂ ಹೇಳಿಲ್ಲ.

ಮೊದಲನೆಯದರ ವಿವರಣೆ ಹೀಗಿರಬಹುದು: ‘ಕಂದಾಯ ಇಲಾಖೆಯ ಆದೇಶ, ಸುತ್ತೋಲೆಗಳ ಪಠ್ಯದಲ್ಲಿ ಪದಗಳನ್ನು ಹೋಲಿಸಿ ಹುಡುಕುತ್ತದೆ. ಅಧಿಕೃತ ಮೂಲ ಬೇಕಾದಾಗ, ಇಲ್ಲವೇ ಆದೇಶದ ಸಂಖ್ಯೆ ಗೊತ್ತಿದ್ದಾಗ ಬಳಸಿ. ಬಳಕೆದಾರರ ಆಡುಮಾತನ್ನು ಮೊದಲು ಕಚೇರಿಯ ಪದಗಳಿಗೆ ತಿರುಗಿಸಿಕೊಳ್ಳಿ. ಪ್ರತ್ಯಯ ಬಿಟ್ಟು ಮೂಲಪದ ಕೊಡಿ: ಪೌತಿ ಖಾತೆ ವಾರಸುದಾರ. ಒಬ್ಬ ವ್ಯಕ್ತಿಯ ಪಹಣಿ ಇಲ್ಲಿ ಸಿಗುವುದಿಲ್ಲ.’ ಇದರ ಜೊತೆಗೆ ಯಾವ ವರ್ಷದಿಂದೀಚಿನ ಆದೇಶಗಳು ಇದರಲ್ಲಿವೆ ಎಂಬುದನ್ನೂ ಸೇರಿಸಿ.

ಪ್ರತ್ಯಯದ ಮಾತು ಬರೆಯಲೇಬೇಕು. ‘ಜಮೀನು’ ನಮ್ಮಲ್ಲಿ ಜಮೀನಿನ, ಜಮೀನಿಗೆ, ಜಮೀನಿನಲ್ಲಿ ಎಂದೆಲ್ಲ ರೂಪ ತಾಳುತ್ತದೆ. ನಿಮ್ಮ ಇಂಡೆಕ್ಸ್ ಈ ರೂಪಗಳನ್ನು ಒಂದುಗೂಡಿಸುತ್ತದೆಯೋ ಇಲ್ಲವೋ ಎಂಬುದು ಏಜೆಂಟ್‌ಗೆ ತಾನಾಗಿ ಗೊತ್ತಾಗುವುದಿಲ್ಲ. ಪ್ರಶ್ನೆ ಕನ್ನಡ ಲಿಪಿಯಲ್ಲೇ ಇರಬೇಕೋ, ಇಂಗ್ಲಿಷ್ ಅಕ್ಷರದಲ್ಲಿದ್ದರೂ ನಡೆಯುತ್ತದೋ ಎಂಬುದನ್ನೂ ಹೇಳಿಬಿಡಿ. ವಿವರಣೆಯನ್ನು ಇಂಗ್ಲಿಷಿನಲ್ಲಿ ಬರೆದರೂ ಅಡ್ಡಿಯಿಲ್ಲ, ಹುಡುಕುಪದಗಳ ಮಾದರಿ ಮಾತ್ರ ಕನ್ನಡದಲ್ಲೇ ಇರಲಿ.

ಇಂಥ ಸಣ್ಣ ಸಾಲುಗಳ ಬಲ ಎಷ್ಟೆಂಬುದಕ್ಕೆ ದೊಡ್ಡವರ ಅನುಭವವೂ ಇದೆ. ಆಂಥ್ರೊಪಿಕ್ ಕಂಪನಿ ತನ್ನ ಕ್ಲಾಡ್ ಮಾಡೆಲ್‌ಗೆ ವೆಬ್ ಹುಡುಕಾಟ ಕೊಟ್ಟಾಗ, ಅದು ಅಗತ್ಯವಿಲ್ಲದೆಯೂ ಹುಡುಕುಪದಕ್ಕೆ ‘2025’ ಸೇರಿಸಿ ಫಲಿತಾಂಶ ಕೆಡಿಸುತ್ತಿತ್ತು. ಟೂಲಿನ ವಿವರಣೆ ತಿದ್ದಿ ಅದನ್ನು ದಾರಿಗೆ ತಂದೆವು ಎಂದು ಕಂಪನಿಯೇ ಬರೆದುಕೊಂಡಿದೆ.

ನನಗೆ ಹೆಚ್ಚು ಆತಂಕ ತಂದದ್ದು ‘ಅಂಥ ನಿಯಮವಿಲ್ಲ’ ಎಂಬ ಉತ್ತರ. ಅದನ್ನು ನಂಬಿ ಒಬ್ಬರು ಅರ್ಜಿ ಹಾಕುವುದನ್ನೇ ಬಿಟ್ಟರೆ ನಷ್ಟ ಆ ಮನೆಯದು. ಟೂಲಿನಲ್ಲಿ ಸಿಗದಿರುವುದೇ ಬೇರೆ, ನಿಯಮವೇ ಇಲ್ಲದಿರುವುದೇ ಬೇರೆ ಎಂದು ವಿವರಣೆಯಲ್ಲಿ ನೇರವಾಗಿ ಬರೆಯಿರಿ. ಫಲಿತಾಂಶ ಶೂನ್ಯವಾದಾಗ ಟೂಲ್ ಖಾಲಿ ಪಟ್ಟಿ ಕಳಿಸಿ ಸುಮ್ಮನಾಗಬಾರದು. ‘ಈ ಪದಗಳಿಗೆ ಏನೂ ಸಿಗಲಿಲ್ಲ, ಪದ ಕಡಿಮೆ ಮಾಡಿ ಇನ್ನೊಮ್ಮೆ ನೋಡಿ, ಆಗಲೂ ಸಿಗದಿದ್ದರೆ ನಾಡಕಚೇರಿಯಲ್ಲಿ ವಿಚಾರಿಸಲು ಹೇಳಿ’ ಎಂಬ ಮಾತು ಅದರ ಜೊತೆಗೇ ಬರಲಿ. ಎಲ್ಲಕ್ಕಿಂತ ಮೊದಲು ಈ ತಿದ್ದುಪಡಿ ಮಾಡಿ, ಇವತ್ತೇ ಮಾಡಿ.

ಬರವಣಿಗೆ ಬಾರದೆಂಬ ಅಳುಕು ಬೇಡ. ಇಲ್ಲಿ ಶೈಲಿಗೆ ಕೆಲಸವಿಲ್ಲ. ನಾಳೆ ಹೊಸದಾಗಿ ಸೇರುವ ಹುಡುಗನೊಬ್ಬ ಫೋನ್ ಮಾಡಿ ‘ಮೇಡಂ, ಇದನ್ನು ಯಾವಾಗ ಬಳಸಲಿ?’ ಎಂದರೆ ನೀವು ಏನು ಹೇಳುತ್ತೀರೋ ಅದನ್ನೇ ಬರೆಯಿರಿ. ಆ ಸಂಗ್ರಹದಲ್ಲಿ ಏನಿದೆ, ಏನಿಲ್ಲ ಎಂಬುದು ನಿಮ್ಮಷ್ಟು ಬೇರೆಯವರಿಗೆ ಗೊತ್ತಿಲ್ಲ. ಐದಾರು ವಾಕ್ಯ ಸಾಕು. ಪ್ರತಿ ಸಲವೂ ಮಾಡೆಲ್ ಅದನ್ನು ಓದಬೇಕು, ಓದಿದ್ದಕ್ಕೆಲ್ಲ ಟೋಕನ್ ಲೆಕ್ಕದಲ್ಲಿ ದುಡ್ಡು ಹೋಗುತ್ತದೆ. ಎರಡು ಟೂಲ್‌ಗಳನ್ನು ಯಾವಾಗ ಯಾವುದು ಎಂದು ನಿಮಗೇ ಬೇರ್ಪಡಿಸಿ ಹೇಳಲು ಆಗದಿದ್ದರೆ, ಎರಡನ್ನೂ ಸೇರಿಸಿ ಒಂದೇ ಮಾಡುವುದು ವಾಸಿ.

ಆಮೇಲೆ ಜನ ನಿಜವಾಗಿ ಕೇಳಿದ ಮೂವತ್ತು ನಲವತ್ತು ಪ್ರಶ್ನೆ ಆರಿಸಿ, ಒಂದೊಂದರ ಎದುರೂ ಯಾವ ಟೂಲ್ ಕರೆಯಬೇಕಿತ್ತು ಎಂದು ಬರೆದಿಡಿ. ಹಳೆಯ ವಿವರಣೆಯಲ್ಲೊಮ್ಮೆ, ಹೊಸದರಲ್ಲೊಮ್ಮೆ ಓಡಿಸಿ. ಏಜೆಂಟ್ ಯಾವ ಪದ ಕೊಟ್ಟು ಹುಡುಕಿತು ಎಂಬುದನ್ನು ಲಾಗ್‌ನಲ್ಲಿ ಒಂದೊಂದಾಗಿ ಓದಿ. ತಪ್ಪು ಎಲ್ಲಿದೆ ಎಂಬುದು ಅಲ್ಲೇ ಕಾಣುತ್ತದೆ. ಸರಿಯಾದ ಟೂಲ್, ಸರಿಯಾದ ಪದ ಕೊಟ್ಟೂ ಬೇಕಾದ ಆದೇಶ ಬರದಿದ್ದರೆ ದೋಷ ಇಂಡೆಕ್ಸಿನಲ್ಲಿದೆ. ವಿವರಣೆ ಸ್ಪಷ್ಟವಾದ ಮೇಲೂ ಆಯ್ಕೆಯೇ ತಪ್ಪುತ್ತಿದ್ದರೆ ಆಗ ಮಾಡೆಲ್ ಬದಲಿಸುವ ಮಾತು ಬರಲಿ. ಎರಡೂ ಓಟದ ಫಲಿತಾಂಶವನ್ನು ಒಂದೇ ಹಾಳೆಯಲ್ಲಿ ಮುದ್ರಿಸಿಕೊಂಡು ಹಿರಿಯರ ಮುಂದೆ ಇಡಿ, ಅವರೇ ನೋಡಿ ತೀರ್ಮಾನಿಸಲಿ.